ಡಿ.ಡಿ. ಕಾಲೊನಿಯ ಎರಡು ‘ಡಿ’ಗಳು

ಹೈದರಾಬಾದಿನವರಿಗೆ ಹೆಸರು ಮೊಟಕು ಮಾಡುವ ಚಟ ಬಹಳ. ಲಾಲ್ ಬಹಾದೂರ್ ಶಾಸ್ತ್ರಿ ಇಲ್ಲಿ ಎಲ್.ಬಿ. ನಗರ ಆಗಿದ್ದಾರೆ, ಸಂಜೀವ ರೆಡ್ಡಿ ಎಸ್.ಆರ್. ನಗರ ಆಗಿದ್ದಾರೆ. ಹಾಗೆಯೇ ವಿದ್ಯಾನಗರದ ಪಕ್ಕ, ಬಾಗ್ ಅಂಬರಪೇಟೆಯ ಕಡೆ ಒಂದು ಡಿ.ಡಿ. ಕಾಲೊನಿ ಇದೆ. ಶಿವಂ ರೋಡಿನ ಆಟೋದವನಿಗೆ “ಡಿ.ಡಿ. ಕಾಲೊನಿ” ಅಂದರೆ ಸಾಕು, ಕಣ್ಣು ಮುಚ್ಚಿಕೊಂಡು ಕರೆದುಕೊಂಡು ಹೋಗುತ್ತಾನೆ. ಆದರೆ ಡಿ.ಡಿ. ಅಂದರೆ ಏನಪ್ಪಾ ಅಂತ ಕೇಳಿ ನೋಡಿ. ದೂರದರ್ಶನದವರ ಕ್ವಾರ್ಟರ್ಸ್ ಇರಬೇಕು ಅಂತ ಒಬ್ಬರು ನನಗೆ ಗಂಭೀರವಾಗಿಯೇ ಹೇಳಿದ್ದುಂಟು!

ಅದು ದುರ್ಗಾಬಾಯಿ ದೇಶಮುಖ್ ಕಾಲೊನಿ. ಮೊದಲ ‘ಡಿ’ ರಾಜಮಹೇಂದ್ರಿಯ ತೆಲುಗು ಹೆಣ್ಣುಮಗಳದ್ದು. ಎರಡನೆಯದು ಕೊಂಕಣದ ಮರಾಠಿ ಗಂಡಸಿನದ್ದು, ಚಿಂತಾಮಣ ದ್ವಾರಕಾನಾಥ ದೇಶಮುಖ್, ಸಿ.ಡಿ. ದೇಶಮುಖ್ ಅಂತ ಓದಿರುತ್ತೀರಿ. ಇಬ್ಬರೂ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ. ದುರ್ಗಾಬಾಯಿ ತೀರಿಕೊಂಡದ್ದು 1981ರ ಮೇ 9ರಂದು. ಹದಿನೇಳು ತಿಂಗಳು ಕಳೆಯುವುದರೊಳಗೆ, 1982ರ ಅಕ್ಟೋಬರ್ 2ರಂದು, ಹೈದರಾಬಾದಿನಲ್ಲೇ ದೇಶಮುಖರೂ ಹೋದರು.

ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ನಮ್ಮ ಕನ್ನಡದವರ ಮನೆಗಳು... ಇವುಗಳ ನಡುವೆಯೇ ನನ್ನ ಹೈದರಾಬಾದ್ ವಾಸ ಕಳೆದಿದೆ. ಅಲ್ಲಿಂದ ವಿದ್ಯಾನಗರ ಎಷ್ಟು ದೂರ? ಆದರೂ ಈ ಗಂಡಹೆಂಡಿರ ಬಗ್ಗೆ ಕನ್ನಡದಲ್ಲಿ ಯಾರೂ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ರಾಯಚೂರು ಕಡೆಯ ನಮ್ಮ ಮನೆಗೆ ಇವರದ್ದೊಂದು ಋಣ ಇದೆ. ಅದು ಗೊತ್ತಾದದ್ದು ಬಹಳ ತಡವಾಗಿ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಕಥೆ ಕೇಳಿ.

ದುರ್ಗಾಬಾಯಿ ಹುಟ್ಟಿದ್ದು 1909ರ ಜುಲೈ 15ರಂದು. ಎಂಟು ವರ್ಷಕ್ಕೇ ಮದುವೆ. ಆ ಕಾಲಕ್ಕೆ ಅದು ಯಾರಿಗೂ ವಿಶೇಷ ಅನ್ನಿಸುವ ಸಂಗತಿಯಲ್ಲ. ಬೆಳೆದದ್ದು ಕಾಕಿನಾಡದಲ್ಲಿ. 1921ರಲ್ಲಿ ಗಾಂಧೀಜಿ ಆ ಊರಿಗೆ ಬರುತ್ತಾರೆ ಅಂತ ಸುದ್ದಿ ಆಯಿತು. ಊರಿನ ದೇವದಾಸಿಯರಿಗೂ ಬುರ್ಖಾ ಹಾಕುವ ಮುಸ್ಲಿಂ ಹೆಂಗಸರಿಗೂ ಗಾಂಧಿಯವರ ಮಾತು ಕೇಳಿಸಬೇಕು ಅಂತ ಈ ಹನ್ನೆರಡು ವರ್ಷದ ಹುಡುಗಿಗೆ ಆಸೆ. ಸಭೆ ಏರ್ಪಡಿಸುವವರ ಹತ್ತಿರ ಹೋಗಿ ಕೇಳಿದಳು. ಐದು ಸಾವಿರ ರೂಪಾಯಿ ನಿಧಿ ಕೊಟ್ಟರೆ ಹತ್ತು ನಿಮಿಷ ಕೊಡಿಸುತ್ತೇವೆ ಅಂದರು. ಚಿಕ್ಕ ಹುಡುಗಿ, ಸುಮ್ಮನೆ ಹೋಗುತ್ತಾಳೆ ಅಂದುಕೊಂಡಿರಬೇಕು. ಅವಳು ದೇವದಾಸಿಯರ ಹತ್ತಿರವೇ ಹೋದಳು, ಅವರು ದುಡ್ಡು ಕೂಡಿಸಿಕೊಟ್ಟರು. ಗಾಂಧಿ ಬಂದರು, ಹತ್ತು ನಿಮಿಷದ ಮಾತು ಅರ್ಧ ಗಂಟೆ ದಾಟಿತು. ಹೆಂಗಸರು ಬಳೆ, ಸರ ಬಿಚ್ಚಿ ಹಾಕಿದರು. ಕೊನೆಗೆ ಲೆಕ್ಕ ಹಾಕಿದರೆ ಇಪ್ಪತ್ತೈದು ಸಾವಿರದಷ್ಟಾಗಿತ್ತಂತೆ. ಗಾಂಧಿಯವರ ಹಿಂದೂಸ್ತಾನಿ ಮಾತನ್ನು ತೆಲುಗಿಗೆ ಹೇಳಿದವಳೂ ಇವಳೇ. ತನ್ನ ಕೈಯ ಬಳೆಯನ್ನೂ ಕೊಟ್ಟಳು.

ಇದನ್ನು ದುರ್ಗಾಬಾಯಿಯವರೇ ಮುಂದೆ ಬರೆದುಕೊಂಡಿದ್ದಾರೆ. ನನಗೆ ಇದರಲ್ಲಿ ಹಿಡಿಸಿದ್ದು ಬಳೆ ಕೊಟ್ಟದ್ದಲ್ಲ. ಆ ಕಾಲದಲ್ಲಿ ಸಾವಿರಾರು ಜನ ಬಳೆ ಕೊಟ್ಟಿದ್ದಾರೆ. ಹಿಡಿಸಿದ್ದು ಆ ಸಭೆಗೆ ಯಾರು ಬರಬೇಕು ಅಂತ ಅವಳು ಯೋಚಿಸಿದ್ದು. ಯಾರನ್ನು ಕರೆಯಬೇಕು ಅಂತ ಯಾರಿಗೂ ಹೊಳೆಯುವುದಿಲ್ಲವೋ ಅವರನ್ನೇ ಕರೆದಳು. ಮುಂದಿನ ಅರವತ್ತು ವರ್ಷ ಮಾಡಿದ್ದೂ ಇದನ್ನೇ.

ಎರಡು ವರ್ಷ ಬಿಟ್ಟು, 1923ರ ಡಿಸೆಂಬರಿನಲ್ಲಿ, ಕಾಕಿನಾಡದಲ್ಲೇ ಕಾಂಗ್ರೆಸ್ ಅಧಿವೇಶನ. ಅಲ್ಲಿನ ಪ್ರದರ್ಶನದ ಬಾಗಿಲಿಗೆ ಇವಳು ಸ್ವಯಂಸೇವಕಿ. ಟಿಕೆಟ್ ಇಲ್ಲದೆ ಯಾರನ್ನೂ ಬಿಡಬೇಡ ಅಂತ ಹೇಳಿ ನಿಲ್ಲಿಸಿದ್ದರು, ಇವಳು ಬಿಡಲಿಲ್ಲ. ಹಾಗೆ ಬಾಗಿಲಲ್ಲಿ ನಿಂತುಬಿಟ್ಟವರು ಜವಾಹರಲಾಲ್ ನೆಹರೂ! ದೊಡ್ಡವರು ಓಡಿ ಬಂದು ಹುಡುಗಿಗೆ ಬೈದರು. ಕೊನೆಗೆ ಟಿಕೆಟ್ ತಂದ ಮೇಲೇ ನೆಹರೂ ಒಳಗೆ ಹೋದದ್ದು. ಅವರು ಸಿಟ್ಟಾಗಲಿಲ್ಲ, ಹುಡುಗಿಯನ್ನು ಮೆಚ್ಚಿಕೊಂಡರು. ಈ ಹುಡುಗಿಯನ್ನೂ ಈ ನೆಹರೂ ಅವರನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ.

ಹದಿನೈದರ ಹೊತ್ತಿಗೆ ದುರ್ಗಾಬಾಯಿ ತಮಗೆ ಈ ಸಂಸಾರ ಬೇಡ ಅಂತ ಗಂಡನಿಗೆ ಹೇಳಿ, ನೀನು ಬೇರೆ ಮದುವೆಯಾಗು ಅಂದರು. ಆತ ಆದ. 1941ರಲ್ಲಿ ತೀರಿಕೊಂಡ. ಆಮೇಲೆ ಅವನ ಎರಡನೆಯ ಹೆಂಡತಿ, ವಿಧವೆ, ನೆಂಟರ ಕೈಯಲ್ಲಿ ಕಷ್ಟಪಡುತ್ತಿದ್ದಾಗ ಅವಳನ್ನು ಕರೆಸಿ, ಕೈಕೆಲಸದ ತರಬೇತಿ ಕೊಡಿಸಿ, ತನ್ನ ಕಾಲ ಮೇಲೆ ನಿಲ್ಲುವ ಹಾಗೆ ಮಾಡಿದವರು ಇದೇ ದುರ್ಗಾಬಾಯಿ. ನಮ್ಮ ಸಂಬಂಧಗಳ ಪಟ್ಟಿಯಲ್ಲಿ ಇದಕ್ಕೆ ಹೆಸರೇ ಇಲ್ಲ ನೋಡಿ. ಬಿಟ್ಟ ಗಂಡನ ಎರಡನೆಯ ಹೆಂಡತಿ ನಿಮಗೆ ಏನಾಗಬೇಕು?

ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ, 1930ರಿಂದ 33ರ ನಡುವೆ, ಅವರು ಮೂರು ಸಲ ಜೈಲಿಗೆ ಹೋದರು. ಮದುರೆಯಲ್ಲಿ ಒಂಟಿ ಕೋಣೆಯಲ್ಲಿಟ್ಟಿದ್ದರು. ಜೈಲಿನಲ್ಲಿ ಅವರು ನೋಡಿದ್ದು ಕೊಲೆ, ಕಳ್ಳತನದ ಆಪಾದನೆ ಹೊತ್ತು ಕೂತಿದ್ದ ಹಳ್ಳಿ ಹೆಂಗಸರನ್ನು. ಏನು ಮಾಡಿದ್ದೇವೆ, ಏನು ಮಾಡಿಲ್ಲ, ಕೋರ್ಟಿನಲ್ಲಿ ಏನು ಹೇಳಬೇಕು, ಒಂದೂ ಗೊತ್ತಿಲ್ಲದವರು. ಲಾ ಓದಬೇಕು ಅಂತ ದುರ್ಗಾಬಾಯಿ ತೀರ್ಮಾನಿಸಿದ್ದು ಅಲ್ಲಿ. ಆದರೆ ಲಾ ಓದುವುದು ಹೇಗೆ? ಇನ್ನೂ ಮೆಟ್ರಿಕ್ಕೇ ಆಗಿಲ್ಲ, ವಯಸ್ಸು ಇಪ್ಪತ್ತನಾಲ್ಕು!

ಖಾಸಗಿಯಾಗಿ ಓದಿ ಬನಾರಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಕಟ್ಟಿದರು, ಆಮೇಲೆ ಇಂಟರ್. ಬಿ.ಎ.ಗೆ ವಾಲ್ತೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೆ ಹೋದರೆ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲ, ಸೀಟು ಕಷ್ಟ ಅಂದರು. ಆಗ ಅಲ್ಲಿ ಕುಲಪತಿ ಸಿ.ಆರ್. ರೆಡ್ಡಿ, ಅದೇ ಕಟ್ಟಮಂಚಿ ರಾಮಲಿಂಗಾರೆಡ್ಡಿ. ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆ ನಡೆಸಿದವರು. ದುರ್ಗಾಬಾಯಿ ಏನು ಮಾಡಿದರು ಗೊತ್ತೆ? ಓದಬೇಕೆನ್ನುವ ಹುಡುಗಿಯರು ಯಾರಾದರೂ ಇದ್ದೀರಾ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹತ್ತು ಜನರನ್ನು ಕೂಡಿಸಿ, ಹಾಸ್ಟೆಲ್ಲನ್ನೇ ಶುರು ಮಾಡಿಸಿದರು. ತನಗೊಂದು ಸೀಟು ಬೇಕಾಗಿದ್ದಾಗ ಹತ್ತು ಜನಕ್ಕೆ ದಾರಿ ಆಯಿತು. 1942ರಲ್ಲಿ ಮದರಾಸಿನಲ್ಲಿ ಲಾ ಮುಗಿಸಿ ವಕೀಲಿಕೆಗೆ ನಿಂತರು.

ಈ ನಡುವೆ, 1937ರಲ್ಲಿ, ಮದರಾಸಿನಲ್ಲಿ ಆಂಧ್ರ ಮಹಿಳಾ ಸಭಾ ಶುರುವಾಗಿತ್ತು. ಮೊದಲು ಅದು ಸಭೆಯೂ ಅಲ್ಲ, ಸಂಸ್ಥೆಯೂ ಅಲ್ಲ. ಅಕ್ಕಪಕ್ಕದ ಹುಡುಗಿಯರು ಬಂದು ಹಿಂದಿ ಕಲಿಯುವ, ಆಟ ಆಡುವ ಒಂದು ಕೂಟ. ಶಾಲೆ ಬಿಟ್ಟ ಹೆಂಗಸರು ಮೆಲ್ಲಗೆ ಬರತೊಡಗಿದರು. ವಿಧವೆಯರು, ಗಂಡ ಬಿಟ್ಟವರು, ಮಕ್ಕಳಾದ ಮೇಲೆ ಓದಬೇಕು ಅನ್ನಿಸಿದವರು. ಅವರಿಗೆ ದುರ್ಗಾಬಾಯಿ ತಾವು ನಡೆದ ದಾರಿಯನ್ನೇ ತೋರಿಸಿದರು: ಎರಡು ವರ್ಷ ಕೂರಿಸಿ ಪಾಠ ಹೇಳಿ ಬನಾರಸ್ ಮೆಟ್ರಿಕ್ಕಿಗೆ ಕೂರಿಸುವುದು. ದೊಡ್ಡ ಹೆಂಗಸನ್ನು ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿದರೆ ಅವಳು ಎರಡನೇ ದಿನ ಬರುವುದಿಲ್ಲ. ಅವಳಿಗೆ ಹತ್ತು ವರ್ಷದ ಸಮಯವೂ ಇಲ್ಲ. ಬದುಕು ಕಲಿಸಿದ ಬುದ್ಧಿ ಇದೆ, ಹಾಗಾಗಿ ಎರಡು ವರ್ಷ ಸಾಕು. ಎಷ್ಟು ಸರಳ ಲೆಕ್ಕ!

1946ರಲ್ಲಿ ಮದರಾಸಿನಿಂದ ಸಂವಿಧಾನ ಸಭೆಗೆ ಆಯ್ಕೆಯಾದರು. ಅಲ್ಲಿ ಸಭೆ ನಡೆಸುವ ಅಧ್ಯಕ್ಷರ ತಂಡದಲ್ಲಿದ್ದ ಒಬ್ಬಳೇ ಹೆಂಗಸು ಇವರು. ಹಿಂದಿ ಪ್ರಚಾರ ಮಾಡಿಯೇ ಸಾರ್ವಜನಿಕ ಬದುಕಿಗೆ ಬಂದವರು, ಆದರೂ ದಕ್ಷಿಣದ ಮೇಲೆ ಹಿಂದಿಯನ್ನು ಒತ್ತಾಯದಿಂದ ಹೇರುವ ಅಬ್ಬರವನ್ನು ಸಭೆಯಲ್ಲೇ ಟೀಕಿಸಿದರು. ಆಮೇಲೆ 1952ರ ಮೊದಲ ಚುನಾವಣೆಗೆ ನಿಂತು ಸೋತರು. ಸೋತವರನ್ನು ನೆಹರೂ ಯೋಜನಾ ಆಯೋಗಕ್ಕೆ ಕರೆದರು. ಅಲ್ಲಿ ಮೇಜಿನ ಆ ಕಡೆ ಕೂತಿದ್ದವರು ಅರ್ಥಮಂತ್ರಿ ಸಿ.ಡಿ. ದೇಶಮುಖ್.

ಈಗ ಎರಡನೆಯ ‘ಡಿ’ಗೆ ಬರೋಣ. ಇವರ ಕಥೆ ಪೂರ್ತಿ ಉಲ್ಟಾ. ದುರ್ಗಾಬಾಯಿಗೆ ಪ್ರತಿ ಬಾಗಿಲೂ ತಳ್ಳಿದರೆ ಮಾತ್ರ ತೆರೆಯುತ್ತಿತ್ತು, ಇವರಿಗೆ ತಾನಾಗಿಯೇ ತೆರೆಯುತ್ತಿತ್ತು. 1896ರ ಜನವರಿ 14ರಂದು ರಾಯಗಡ ಕೋಟೆಯ ಹತ್ತಿರದ ನಾತೆ ಅನ್ನುವ ಊರಲ್ಲಿ ಹುಟ್ಟಿದರು. 1912ರಲ್ಲಿ ಬೊಂಬಾಯಿ ಮೆಟ್ರಿಕ್ಕಿಗೆ ಮೊದಲ ಸ್ಥಾನ, ಸಂಸ್ಕೃತದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರಕ್ಕೆ ಬಹುಮಾನ. 1918ರ ಐ.ಸಿ.ಎಸ್. ಪರೀಕ್ಷೆಯಲ್ಲಿ ಮತ್ತೆ ಮೊದಲು. ಇಂಥವರು ನಮ್ಮ ಕ್ಲಾಸಿನಲ್ಲಿ ಇದ್ದಿದ್ದರೆ ನಾವು ಮಾತಾಡಿಸುತ್ತಿರಲಿಲ್ಲ ಬಿಡಿ.

1943ರ ಆಗಸ್ಟ್ 11ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಮುಂದಿನ ವರ್ಷ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದರು. 1949ರ ಜನವರಿ 1ಕ್ಕೆ ಬ್ಯಾಂಕು ರಾಷ್ಟ್ರೀಕರಣವಾದಾಗ ಅದರ ಮೇಲೆ ಇದ್ದವರು ಇವರೇ. ಅದೇ ವರ್ಷ ಇವರಾದ ಮೇಲೆ ಆ ಕುರ್ಚಿಗೆ ಬಂದವರು ಬೆನೆಗಲ್ ರಾಮರಾವ್, ನಮ್ಮ ಮಂಗಳೂರು ಕಡೆಯ ಮನೆತನದವರು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಆಗ ನಿಜಾಮರ ಸ್ವಂತ ರೂಪಾಯಿ ಇತ್ತು, ಹಾಲಿ ಸಿಕ್ಕ. ಇಂಗ್ಲಿಷರ ರೂಪಾಯಿಗೆ ‘ಕಲ್ದಾರ’ ಅನ್ನುತ್ತಿದ್ದರು. ಏಳು ಹಾಲಿ ಅಂದರೆ ಆರು ಕಲ್ದಾರ. ರಾಯಚೂರು, ಕಲಬುರ್ಗಿಯ ಹಳೆಯ ಮಂದಿಗೆ ಈ ಲೆಕ್ಕ ಬಾಯಲ್ಲೇ ಇರುತ್ತಿತ್ತು. ಆ ಕಲ್ದಾರ ನೋಟಿನ ಮೇಲೆ ಇರುತ್ತಿದ್ದದ್ದು ದೇಶಮುಖರ ಸಹಿ. ರೂಪಾಯಿ ನೋಟಿನ ಮೇಲೆ ಮೊದಲು ಬಂದ ಭಾರತೀಯ ಗವರ್ನರ್ ಸಹಿ ಅದು. 1950ರ ದಶಕದಲ್ಲಿ ಹಾಲಿ ಸಿಕ್ಕ ಚಲಾವಣೆಯಿಂದ ಮರೆಯಾಯಿತು. ಆ ದಶಕದ ಮೊದಲ ಅರ್ಧದಲ್ಲಿ ದಿಲ್ಲಿಯಲ್ಲಿ ಅರ್ಥಮಂತ್ರಿ ಆಗಿದ್ದವರೂ ಅವರೇ. ಅಂದರೆ ಈ ಮನುಷ್ಯ ನಮ್ಮ ಹಿರಿಯರ ಜೇಬಿನೊಳಗೆ ಆಗಲೇ ಇದ್ದರು!

ಲೆಕ್ಕದ ಮನುಷ್ಯ, ಸಂಸ್ಕೃತದಲ್ಲಿ ಕವಿತೆ ಬರೆಯುತ್ತಿದ್ದರು. ಕಾಳಿದಾಸನ ಮೇಘದೂತವನ್ನು ಮರಾಠಿಗೆ ತಂದರು. ಗಾಂಧೀಜಿಯವರ ನೂರು ಮಾತುಗಳನ್ನು ಸಂಸ್ಕೃತ ಶ್ಲೋಕ ಮಾಡಿದರು. ಗಿಡ ಅಂದರೆ ಪ್ರಾಣ. ಅವರ ಇಂಗ್ಲಿಷ್ ಹೆಂಡತಿ ತೀರಿಕೊಂಡಿದ್ದರು. ಒಂಟಿಯಾಗಿದ್ದರು.

1953ರ ಜನವರಿ 22ರಂದು ಇಬ್ಬರೂ ದಿಲ್ಲಿಯಲ್ಲಿ ರಿಜಿಸ್ಟರ್ ಮದುವೆಯಾದರು. ಅವರಿಗೆ ಐವತ್ತೇಳು, ಇವರಿಗೆ ನಲವತ್ಮೂರು. ಒಬ್ಬರು ಹೆಂಡತಿ ಹೋದವರು, ಇನ್ನೊಬ್ಬರು ಎಂಟು ವರ್ಷಕ್ಕೆ ಕಟ್ಟಿದ್ದನ್ನು ಹದಿನೈದಕ್ಕೆ ಬಿಚ್ಚಿಕೊಂಡವರು. ತೆಲುಗು, ಮರಾಠಿ. ಆ ಕಾಲದಲ್ಲಿ, ಅದೂ ಹೆಂಗಸು ನಲವತ್ತು ದಾಟಿದ ಮೇಲೆ, ಜನ ಏನೆಲ್ಲ ಅಂದಿರಬಹುದು ಊಹಿಸಿಕೊಳ್ಳಿ. ಈಗಲೂ ಅನ್ನುತ್ತಾರೆ. ಸಾಕ್ಷಿಯಾಗಿ ರುಜು ಹಾಕಿದವರಲ್ಲಿ ಒಬ್ಬರು ಪ್ರಧಾನಿ ನೆಹರೂ. ಕಾಕಿನಾಡದಲ್ಲಿ ಟಿಕೆಟ್ ಕೇಳಿ ನಿಲ್ಲಿಸಿದ ಹುಡುಗಿಯ ಮದುವೆಗೆ ಇಪ್ಪತ್ತೊಂಬತ್ತು ವರ್ಷ ಆದಮೇಲೆ ಅದೇ ನೆಹರೂ ರುಜು. ಸಿನಿಮಾದಲ್ಲಿ ಹೀಗೆ ತೋರಿಸಿದರೆ ಅತಿಯಾಯಿತು ಅನ್ನುತ್ತೇವೆ.

ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿತು, ದುರ್ಗಾಬಾಯಿ ಮೊದಲ ಅಧ್ಯಕ್ಷೆ. ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ಕೊಡಲು ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ನಾಲ್ಕು ಕೋಟಿ ರೂಪಾಯಿ ಇಟ್ಟಿದ್ದರು. ಇಷ್ಟು ದೊಡ್ಡ ದೇಶಕ್ಕೆ ಎಷ್ಟು ಅಂತ ಬರುತ್ತದೆ? ಆದರೆ ಆ ದುಡ್ಡು ಹೋಗಬೇಕಾದ ದಾರಿಯನ್ನು ಅವರು ಹಿಡಿದ ರೀತಿ ನೋಡಿ. ಸರ್ಕಾರ ತಾನೇ ಹೊಸ ಆಫೀಸು ತೆರೆದು ಸಮಾಜಸೇವೆ ಮಾಡುವುದಲ್ಲ, ಊರೂರಲ್ಲಿ ಆಗಲೇ ನಾಲ್ಕು ಹೆಂಗಸರು ಕೂಡಿ ನಡೆಸುತ್ತಿರುವ ಶಿಶುವಿಹಾರ, ಹೊಲಿಗೆ ಕ್ಲಾಸು, ಅನಾಥಾಲಯ ಇವಕ್ಕೆ ಕೈಕಾಸು ಕೊಡುವುದು. ನಮ್ಮ ಕಡೆ ತಾಲ್ಲೂಕು ಊರುಗಳಲ್ಲಿ ‘ಮಹಿಳಾ ಸಮಾಜ’ ಅಂತ ಬೋರ್ಡು ಹಾಕಿದ ಹೆಂಚಿನ ಮನೆಗಳನ್ನು ನೀವು ನೋಡಿರಬಹುದು. ಒಳಗೆ ಎರಡು ಹೊಲಿಗೆ ಮಿಷನ್ನು, ಒಂದು ಹಾರ್ಮೋನಿಯಂ, ಗೋಡೆಗೆ ಗಾಂಧಿ ಫೋಟೋ. ಇಂಥ ಎಷ್ಟೋ ಸಂಸ್ಥೆಗಳು ಉಸಿರು ಹಿಡಿದದ್ದು ಈ ಮಂಡಳಿಯ ನೆರವಿನಿಂದ.

1958ರಲ್ಲಿ ಮಂಡಳಿ ಒಂದು ಹೊಸ ಯೋಜನೆ ತಂದಿತು. ವಯಸ್ಸಾದ ಹೆಂಗಸರಿಗೆ ಎರಡು ವರ್ಷದ ‘ಕಂಡೆನ್ಸ್ಡ್ ಕೋರ್ಸ್’. ಶಾಲೆ ಬಿಟ್ಟ ಹೆಂಗಸರನ್ನು ಕೂರಿಸಿ ಮಿಡ್ಲ್ ಸ್ಕೂಲು, ಮೆಟ್ರಿಕ್ ಪರೀಕ್ಷೆಗೆ ತಯಾರು ಮಾಡುವುದು, ಆಮೇಲೆ ಅವರು ಟೀಚರೋ, ನರ್ಸೋ, ಗ್ರಾಮಸೇವಿಕೆಯೋ ಆಗಬಹುದು. ಗುರುತು ಸಿಕ್ಕಿತೆ? ಮದರಾಸಿನ ಮನೆಯಲ್ಲಿ ಹತ್ತಿಪ್ಪತ್ತು ಹೆಂಗಸರಿಗೆ ಮಾಡಿದ್ದನ್ನೇ ದುರ್ಗಾಬಾಯಿ ದೇಶಕ್ಕೆಲ್ಲ ಮಾಡಿದರು.

ಈಗ ನಮ್ಮ ಮನೆಯ ಋಣದ ಮಾತು. ನಮ್ಮ ದೊಡ್ಡವ್ವ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು, ಒಂದು ಕೂಸು ಕಟ್ಟಿಕೊಂಡು ತವರುಮನೆಗೆ ಬಂದಾಕೆ. ಓದಿದ್ದು ನಾಲ್ಕನೇ ಇಯತ್ತೆ. ಅರವತ್ತರ ದಶಕದ ಮೊದಲಲ್ಲಿ ಮಹಿಳಾ ಸಮಾಜದ ಒಬ್ಬರು ಮನೆಗೆ ಬಂದು, ಎರಡು ವರ್ಷದಾಗ ಪರೀಕ್ಷಾ ಕಟ್ಟಿಸ್ತೀವಿ, ಕಳಸ್ರಿ ಅಂತ ಅಜ್ಜನ ಕಾಲು ಕಟ್ಟಿದರಂತೆ. ದೊಡ್ಡವ್ವ ಹೋದಳು, ಪಾಸಾದಳು, ಟ್ರೇನಿಂಗ್ ಮಾಡಿ ಪ್ರೈಮರಿ ಸಾಲಿ ಟೀಚರಾದಳು. ಅವಳ ಪಗಾರದಲ್ಲಿ ಅವಳ ಮಗನಷ್ಟೇ ಅಲ್ಲ, ನಮ್ಮಪ್ಪನ ತಮ್ಮಂದಿರೂ ಓದಿದರು. ನಾವೆಲ್ಲ ಊರು ಬಿಟ್ಟು ಹೈದರಾಬಾದು, ಬೆಂಗಳೂರು ಅಂತ ನೌಕರಿ ಹಿಡಿದದ್ದು ಆ ಓದಿನ ಹಿಂದಿನಿಂದಲೇ. ಅವಳಿಗೆ ವಯಸ್ಸಾದ ಮೇಲೆ ಒಮ್ಮೆ ನಾನು ಕೇಳಿದೆ.

“ಆ ಕ್ಲಾಸು ಯಾರು ಶುರು ಮಾಡಿದ್ದು ದೊಡ್ಡವ್ವಾ?”

“ಯಾರಿಗ್ಗೊತ್ತಪಾ. ದಿಲ್ಲಿಂದ ರೊಕ್ಕ ಬರ್ತಿತ್ತು. ಯಾರೋ ಬಾಯಿ ಅಂತ. ಹೆಸರು ಕೇಳೂವಷ್ಟು ಪುರಸೊತ್ತು ಎಲ್ಲಿತ್ತು ನಮಗ, ಅಪೂರ್ಣಾಂಕ ಕಲಿಯೋದ್ರಾಗ ಸಾಕಾಗಿ ಹೋಗಿತ್ತು.”

ದೊಡ್ಡವ್ವ ತೀರಿಕೊಂಡು ವರ್ಷಗಳಾದವು. ‘ಯಾರೋ ಬಾಯಿ’ ಯಾರು ಅಂತ ನಾನು ಜೋಡಿಸಿಕೊಂಡದ್ದು ಅವಳು ಹೋದ ಮೇಲೆ, ಆ ಮಂಡಳಿಯ ಇತಿಹಾಸ ಓದುವಾಗ. ಅಷ್ಟು ವರ್ಷ ಆ ಬಾಯಿಯ ಹೆಸರಿನ ಆಸ್ಪತ್ರೆಯ ಮುಂದೆಯೇ ಓಡಾಡಿದ್ದೆ.

ದೇಶಮುಖರ ಕಡೆ ಮತ್ತೆ ಬರೋಣ. 1956ರ ಜನವರಿ 19ರ ರಾತ್ರಿ ರೇಡಿಯೋದಲ್ಲಿ ಜೀವವಿಮೆಯ ರಾಷ್ಟ್ರೀಕರಣವನ್ನು ಪ್ರಕಟಿಸಿದ್ದು ಅವರ ದನಿ. ಎಲ್.ಐ.ಸಿ. ಪಾಲಿಸಿ ಇಲ್ಲದ ಕನ್ನಡದ ಮನೆ ಎಷ್ಟಿವೆ ಹೇಳಿ? ಅದೇ ವರ್ಷ ರಾಜ್ಯಗಳ ಪುನರ್ವಿಂಗಡಣೆಯ ಗಲಾಟೆ. ಬೊಂಬಾಯಿಯನ್ನು ಮಹಾರಾಷ್ಟ್ರಕ್ಕೆ ಕೊಡದೆ ಕೇಂದ್ರದ ಕೈಯಲ್ಲಿಡುವ ಮಾತು ಬಂತು. ಬೊಂಬಾಯಿಯಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು, ನ್ಯಾಯಾಂಗ ತನಿಖೆಯೂ ಇಲ್ಲ. ದೇಶಮುಖ್ ಜುಲೈನಲ್ಲಿ ರಾಜೀನಾಮೆ ಕೊಟ್ಟು, ಕಾರಣವನ್ನು ಲೋಕಸಭೆಯಲ್ಲಿ ನಿಂತು ಹೇಳಿ ಹೊರಗೆ ಬಂದರು. ರಾಜಕೀಯದಿಂದ ದೂರವೇ ಇದ್ದ ಐ.ಸಿ.ಎಸ್. ಮನುಷ್ಯ, ತನ್ನ ಮದುವೆಗೆ ಸಾಕ್ಷಿ ನಿಂತ ಪ್ರಧಾನಿಯ ಎದುರಿಗೇ!

ಅದೇ ಪುನರ್ವಿಂಗಡಣೆ ನವೆಂಬರ್ 1ರಂದು ನಮ್ಮ ರಾಯಚೂರು, ಕಲಬುರ್ಗಿ, ಬೀದರನ್ನು ಹೈದರಾಬಾದಿನಿಂದ ಬಿಡಿಸಿ ಮೈಸೂರಿಗೆ ಸೇರಿಸಿತು. ಹೈದರಾಬಾದಿನಲ್ಲೇ ಉಳಿದುಬಿಟ್ಟ ಕನ್ನಡದವರು ಒಂದು ರಾತ್ರಿಯಲ್ಲಿ ಹೊರಊರಿನವರಾದರು. ಒಂದೇ ಕಾಯಿದೆ, ಯಾರ್ಯಾರ ಬದುಕನ್ನೋ ಎತ್ತೆತ್ತಲೋ ತಿರುಗಿಸಿತು. ಅದು ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಬರೀಬೇಕು.

ಕುರ್ಚಿ ಬಿಟ್ಟವರಿಗೆ ಕೆಲಸ ಕಡಿಮೆಯಾಗಲಿಲ್ಲ. ಯು.ಜಿ.ಸಿ. ಅಧ್ಯಕ್ಷರಾದರು, 1959ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು, 1962ರಿಂದ 67ರವರೆಗೆ ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿ. ದಿಲ್ಲಿಯ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ ಕಟ್ಟಿದವರಲ್ಲಿ ಮುಖ್ಯರು. ಹೈದರಾಬಾದಿನ ಬೆಲ್ಲಾ ವಿಸ್ಟಾದಲ್ಲಿರುವ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜಿನ ಆಡಳಿತ ಮಂಡಳಿಗೂ ಅಧ್ಯಕ್ಷರಾಗಿದ್ದರು. 1969ರಲ್ಲಿ ಸ್ವತಂತ್ರ ಪಕ್ಷ, ಜನಸಂಘದವರ ಮಾತು ಕೇಳಿ ರಾಷ್ಟ್ರಪತಿ ಚುನಾವಣೆಗೆ ನಿಂತರು. ವಿ.ವಿ. ಗಿರಿ ಗೆದ್ದರು, ನಮ್ಮ ಎಸ್.ಆರ್. ನಗರದ ಸಂಜೀವ ರೆಡ್ಡಿ ಎರಡನೆಯವರು, ಇವರು ಮೂರನೆಯವರು. ಆ ಸ್ಪರ್ಧೆ ಅವರಿಗೆ ಬೇಕಿರಲಿಲ್ಲ ಅಂತ ನನ್ನ ಅಭಿಪ್ರಾಯ. ಹುಟ್ಟಿದಾಗಿನಿಂದ ಮೊದಲ ಸ್ಥಾನದಲ್ಲೇ ಇದ್ದವರು ಮೂರನೆಯವರಾದದ್ದು ಆಗಲೇ ಇರಬೇಕು.

ದುರ್ಗಾಬಾಯಿ 1958ರಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಮಿತಿಗೆ ಅಧ್ಯಕ್ಷೆಯಾದರು, ಮುಂದಿನ ವರ್ಷ ವರದಿ ಕೊಟ್ಟರು. ಆಂಧ್ರ ಮಹಿಳಾ ಸಭಾದ ಶಾಖೆ ಹೈದರಾಬಾದಿಗೆ ಬಂದದ್ದೂ ಅದೇ ಸುಮಾರಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಒಂದೊಂದೇ ಎದ್ದವು: ಆಸ್ಪತ್ರೆ, ನರ್ಸಿಂಗ್ ತರಬೇತಿ, ಹೆಣ್ಣುಮಕ್ಕಳ ಕಾಲೇಜು, ದೊಡ್ಡವರಿಗೆ ಅಕ್ಷರ ಕಲಿಸುವ ಲಿಟರಸಿ ಹೌಸ್. ಸಭಾದ ಕಥೆಯನ್ನು ಅವರು ‘ದಿ ಸ್ಟೋನ್ ದಟ್ ಸ್ಪೀಕೆತ್’ ಅಂತ ಪುಸ್ತಕ ಮಾಡಿದರು, ಮಾತಾಡುವ ಕಲ್ಲು. ಇಂಥ ಕಟ್ಟಡಗಳ ಹಿಂದೆ ಇರುವುದು ಬರೀ ಸರ್ಕಾರಿ ಗ್ರಾಂಟಲ್ಲ, ಮನೆಮನೆ ಬಾಗಿಲಲ್ಲಿ ನಿಂತು ಕೇಳಿದ್ದು. ಉದಾರಿ ಅಂದರೆ ಕೊಡುವವರು ಅಂತ ನಾವು ತಿಳಿಯುತ್ತೇವೆ. ದುರ್ಗಾಬಾಯಿ ಕೊಟ್ಟದ್ದಕ್ಕಿಂತ ಹೆಚ್ಚಾಗಿ ಕೇಳಿದರು, ಹನ್ನೆರಡು ವರ್ಷದಿಂದ ಎಪ್ಪತ್ತೊಂದರವರೆಗೂ. ತನಗಲ್ಲದ್ದನ್ನು ನಾಚಿಕೆ ಬಿಟ್ಟು ಕೇಳುವುದು ದುಡ್ಡು ಕೊಡುವುದಕ್ಕಿಂತ ಕಷ್ಟದ ಕೆಲಸ. ಗಣೇಶ ಹಬ್ಬಕ್ಕೆ ಚಂದಾ ಕೇಳಲು ಹೋಗಿ ನೋಡಿ, ತಿಳಿಯುತ್ತೆ!

1975ರಲ್ಲಿ ಇಬ್ಬರಿಗೂ ಒಟ್ಟಿಗೇ ಪದ್ಮವಿಭೂಷಣ ಬಂತು. ದೇಶಮುಖ್ 1974ರಲ್ಲೇ ತಮ್ಮ ಆತ್ಮಕಥೆ ಬರೆದಿದ್ದರು, ‘ದಿ ಕೋರ್ಸ್ ಆಫ್ ಮೈ ಲೈಫ್’. ದುರ್ಗಾಬಾಯಿ 1980ರಲ್ಲಿ ಬರೆದ ಪುಸ್ತಕದ ಹೆಸರು ‘ಚಿಂತಾಮಣ್ ಅಂಡ್ ಐ’. ನನ್ನ ಜೀವನ ಅನ್ನಲಿಲ್ಲ, ಚಿಂತಾಮಣ ಮತ್ತು ನಾನು ಅಂದರು, ಅದೂ ಗಂಡನ ಹೆಸರು ಹಿಡಿದು! ನಮ್ಮ ದೊಡ್ಡವ್ವನ ಕಾಲದವರು ಗಂಡನ ಹೆಸರು ಹೇಳಲು ಒಗಟು ಕಟ್ಟುತ್ತಿದ್ದರು.

ಪುಸ್ತಕ ಬಂದ ಮರುವರ್ಷ ಅವರು ಹೋದರು. ಉಳಿದ ಹದಿನೇಳು ತಿಂಗಳು ದೇಶಮುಖರು ಇದ್ದದ್ದು ಹೆಂಡತಿಯ ಊರಿನಲ್ಲಿ, ಹೆಂಡತಿ ಕಟ್ಟಿದ್ದರ ನಡುವೆ. ರಿಸರ್ವ್ ಬ್ಯಾಂಕು, ಅರ್ಥಖಾತೆ, ವಿಶ್ವವಿದ್ಯಾಲಯ ಎಲ್ಲ ನಡೆಸಿದ ಮರಾಠಿ ಮನುಷ್ಯನ ಹೆಸರು ಈ ಊರಿನ ಜನರ ಬಾಯಲ್ಲಿ ಉಳಿದದ್ದು ಹೆಂಡತಿಯ ಹೆಸರಿನ ಬಾಲದಲ್ಲಿ. ದಿಲ್ಲಿಯಲ್ಲೂ ಹಾಗೇ, 2018ರಲ್ಲಿ ತೆರೆದ ಮೆಟ್ರೋ ಸ್ಟೇಷನ್ನಿಗೆ ಇಟ್ಟದ್ದು ದುರ್ಗಾಬಾಯಿ ದೇಶಮುಖ್ ಸೌತ್ ಕ್ಯಾಂಪಸ್ ಅಂತ. ಅವರಿಗೆ ಇದರಿಂದ ಬೇಸರ ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಕೊನೆಗೊಂದು ಸಂಗತಿ ಬಾಕಿ ಇದೆ. ದುರ್ಗಾಬಾಯಿ 1953ರಲ್ಲಿ ಚೀನಾಕ್ಕೆ ಹೋಗಿ ಬಂದಿದ್ದರು. ಅಲ್ಲಿ ಗಂಡಹೆಂಡಿರ ಜಗಳ, ಜೀವನಾಂಶ, ಮಕ್ಕಳ ವಿಷಯ ನೋಡಲು ಬೇರೆಯೇ ನ್ಯಾಯಾಲಯ ಇದ್ದದ್ದನ್ನು ಕಂಡು, ನಮ್ಮಲ್ಲೂ ಬೇಕು ಅಂತ ನೆಹರೂ ಅವರಿಗೂ, ಛಾಗ್ಲಾ, ಗಜೇಂದ್ರಗಡ್ಕರ್ ಅವರಂಥ ನ್ಯಾಯಮೂರ್ತಿಗಳಿಗೂ ಹೇಳುತ್ತಾ ಬಂದರು. ಜೈಲಿನಲ್ಲಿ ಕಂಡ ಆ ಹೆಂಗಸರು ತಲೆಯಿಂದ ಹೋಗಿರಲಿಲ್ಲ ಅಂತ ಕಾಣುತ್ತೆ. ಮೂವತ್ತು ವರ್ಷ ಆದರೂ ಆಗಲಿಲ್ಲ. ಕುಟುಂಬ ನ್ಯಾಯಾಲಯಗಳ ಕಾಯಿದೆ ಪಾಸಾದದ್ದು 1984ರಲ್ಲಿ. ಅಷ್ಟು ಹೊತ್ತಿಗೆ ಇಬ್ಬರೂ ಇರಲಿಲ್ಲ.